ಮೂರು ಅಡಿ ದಾರಿ

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವಳನ್ನು ಎಲ್ಲರೂ ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಒಂದೇ ಕಿಟಕಿಯ ಪಕ್ಕ, ಒಂದೇ ಮೆಷಿನ್ನಿನ ಮುಂದೆ ಕೂತು ಹರಿದ ಹಾಸುಬಟ್ಟೆಗೆ ತೇಪೆ ಹಾಕಿದಳು, ರೋಗಿಗಳ ನಿಲುವಂಗಿಗೆ ಲಾಡಿ ಹೊಲಿದಳು, ದಿಂಬಿನ ಚೀಲಗಳ ಬಾಯಿ ಸರಿಮಾಡಿದಳು. ಕೈ ಎಷ್ಟು ಅಚ್ಚುಕಟ್ಟು ಎಂದರೆ, ಅವಳು ಹಾಕಿದ ತೇಪೆ ಎಲ್ಲಿದೆ ಎಂದು ಬೆಳಕಿಗೆ ಹಿಡಿದು ಹುಡುಕಬೇಕಿತ್ತು. ಬಟ್ಟೆ ಕೋಣೆಯ ಕಪಾಟಿನಲ್ಲಿ ಒಂದು ಮಡಿಕೆ ಓರೆಯಾಗಿದ್ದರೂ ಅವಳಿಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ಅವಳು ವಾಸವಿದ್ದ ಬೀದಿಯಲ್ಲಿ ಮಾತ್ರ ಅವಳ ಹೆಸರು ಉಗ್ರಾಣದಮ್ಮ.

ಬೀದಿಯ ಕೊನೆಯ ಮನೆ ಅದು. ಮುಂದೊಂದು ಕೋಣೆ, ಪಕ್ಕದಲ್ಲಿ ತಮ್ಮನ ಕೋಣೆ, ಅಲ್ಲಿಂದ ಹಿಂದಕ್ಕೆ ಹೋಗಲು ಉದ್ದನೆಯ ಓಣಿಯಂಥ ದಾರಿ, ಅದರ ತುದಿಗೆ ಅಡುಗೆಮನೆ, ಬಚ್ಚಲು, ಆಮೇಲೆ ಅಂಗೈಯಗಲದ ಹಿತ್ತಲು. ಅಷ್ಟೂ ಮನೆಯಲ್ಲಿ ಎಳ್ಳುಕಾಳು ಹಾಕಲು ಜಾಗವಿರಲಿಲ್ಲ. ಆಸ್ಪತ್ರೆಯವರು ಬೇಡವೆಂದ ಪರದೆಗಳು, ಔಷಧಿ ಬಂದ ರಟ್ಟಿನ ಪೆಟ್ಟಿಗೆಗಳು, ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು, ಹಿಡಿ ಮುರಿದ ಕೊಡೆ, ನಿಂತುಹೋದ ಗಡಿಯಾರ, ತೊಳೆದು ಒಣಗಿಸಿ ಮಡಚಿಟ್ಟ ಹಾಲಿನ ಕವರು, ಹದಿನೆಂಟು ವರ್ಷದ ಪತ್ರಿಕೆ. ಯಾರಾದರೂ ಕೇಳಿದರೆ ಅವಳ ಬಾಯಲ್ಲಿ ಒಂದೇ ಮಾತು: "ಇರಲಿ ಬಿಡಿ, ಒಂದಲ್ಲ ಒಂದಿನ ಬೇಕಾಗುತ್ತೆ." ಆ ಒಂದು ದಿನ ಬಂದರೂ ಬೇಕಾದ ವಸ್ತು ಯಾವ ಅಟ್ಟಿಯ ಕೆಳಗಿದೆ ಎಂದು ಹುಡುಕಲಾಗದೆ ಅವಳು ಅಂಗಡಿಯಿಂದ ಹೊಸದನ್ನೇ ತರುತ್ತಿದ್ದಳು. ಅದೂ ಅಟ್ಟಿ ಸೇರುತ್ತಿತ್ತು.

ಯಾಕೆ ಹೀಗಾಯಿತು ಎಂಬುದಕ್ಕೆ ಬೀದಿಯವರ ಬಳಿ ಹತ್ತು ಕಾರಣಗಳಿದ್ದವು. ಬಡತನ ಕಂಡವಳು ಎಂದರು ಕೆಲವರು. ಮದುವೆಯಾಗದೆ ಉಳಿದವಳು, ಪಾತ್ರೆಪಗಡವನ್ನೇ ಮಕ್ಕಳೆಂದುಕೊಂಡಿದ್ದಾಳೆ ಎಂದರು ಇನ್ನು ಕೆಲವರು. ಅವಳಿಗೆ ಯಾವುದೂ ಸರಿಯೆನಿಸಿರಲಿಲ್ಲ. ಅವ್ವ ತೀರಿಹೋದ ಮೇಲೆ ಅವಳ ಬಟ್ಟೆಗಳನ್ನು ಯಾರಿಗಾದರೂ ಕೊಡೋಣ ಎಂದು ಗಂಟು ಕಟ್ಟಿದ್ದಳು. ಇವತ್ತು ನಾಳೆ ಎಂದು ಗಂಟು ಬಾಗಿಲ ಮೂಲೆಯಲ್ಲೇ ಉಳಿಯಿತು. ಅದರ ಮೇಲೆ ಇನ್ನೊಂದು ಬಂದು ಕೂತಿತು. ಹನಿ ಹನಿ ಕೂಡಿದರೆ ಹಳ್ಳವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆ ಹಳ್ಳದಲ್ಲಿ ಮನೆಯವರೇ ಮುಳುಗಬಹುದು ಎಂದು ಯಾರೂ ಹೇಳುವುದಿಲ್ಲ.

ಮುಳುಗಿದವನು ತಮ್ಮ. ಅವಳಿಗಿಂತ ಆರು ವರ್ಷ ಚಿಕ್ಕವನು, ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಪುಟದಲ್ಲಿ ಒಂದು ಕೊಂಬು ಹೆಚ್ಚಾಗಿದ್ದರೆ, ಒಂದು ಚುಕ್ಕೆ ಜಾರಿದ್ದರೆ ಅವನ ಕಣ್ಣಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಬೇಡದ್ದನ್ನು ಹೊಡೆದುಹಾಕುವುದೇ ಅವನ ಕಸುಬು. ಮನೆಗೆ ಬಂದರೆ ಬಾಯಿಗೆ ಬೀಗ. ಅಕ್ಕ ಅವನ ಕೋಣೆಗೆ ಮೊದಲು ಎರಡು ಪೆಟ್ಟಿಗೆ ಇಟ್ಟಳು, "ಮಳೆಗಾಲ ಕಳೀಲಿ ಕಣೋ, ತೆಗೀತೀನಿ" ಎಂದಳು. ಆಮೇಲೆ ಮಂಚದ ಕೆಳಗೆ ತುಂಬಿತು, ಆಮೇಲೆ ಮಂಚದ ಅರ್ಧ ಹೋಯಿತು, ಆಮೇಲೆ ಮಂಚವೇ ಹೋಯಿತು. ಅವನು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕಾಲು ಮಡಚಿಕೊಂಡು ಮಲಗುವುದನ್ನು ರೂಢಿ ಮಾಡಿಕೊಂಡ. ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ತೋಚಿದ್ದು ಎಲ್ಲ ಮುಗಿದ ಮೇಲೆ.

ಅವತ್ತು ಬೆಳಗ್ಗೆ ಏಳು ಗಂಟೆ. ಅವಳು ಮುಂದಿನ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಬಚ್ಚಲ ಕಡೆಯಿಂದ ಧೊಪ್ಪೆಂದು ಸದ್ದು ಬಂತು. ಆ ಮನೆಯಲ್ಲಿ ದಿನಕ್ಕೊಂದು ಅಟ್ಟಿ ಕುಸಿಯುತ್ತಿತ್ತು. "ಏನು ಬಿತ್ತೋ?" ಎಂದು ಕೂಗಿದಳು. ಉತ್ತರ ಬರಲಿಲ್ಲ. ಜಡೆ ಹೆಣೆದು ಮುಗಿಸಿದಳು, ಚೀಲಕ್ಕೆ ಊಟದ ಡಬ್ಬಿ ಹಾಕಿಕೊಂಡಳು, ಹೊರಡುವ ಮುಂಚೆ ನೀರು ಕುಡಿಯೋಣವೆಂದು ಅಡ್ಡಡ್ಡ ನಡೆದು ಹಿಂದಕ್ಕೆ ಹೋದಳು. ತಮ್ಮ ಬಚ್ಚಲ ಹೊಸಿಲ ಮೇಲೆ ಬಿದ್ದಿದ್ದ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಕಣ್ಣು ತೆರೆದೇ ಇತ್ತು.

ಆಂಬುಲೆನ್ಸ್ ಬೇಗ ಬಂತು, ಅದರಲ್ಲಿ ಯಾರ ತಪ್ಪೂ ಇಲ್ಲ. ಸ್ಟ್ರೆಚರ್ ಹಿಡಿದ ಇಬ್ಬರು ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಒಬ್ಬನು ಇನ್ನೊಬ್ಬನ ಮುಖ ನೋಡಿದ.

"ಅಮ್ಮಾ, ಇದರೊಳಗೆ ಹೋಗೋದು ಹೇಗೆ?"

"ಹೀಗೆ, ಓರೆಯಾಗಿ ಬನ್ನಿ."

"ನಾವು ಓರೆಯಾಗಬಹುದು, ಸ್ಟ್ರೆಚರ್ ಓರೆಯಾಗುತ್ತಾ?"

ಅವರು ದಾರಿ ಮಾಡತೊಡಗಿದರು. ಪೆಟ್ಟಿಗೆ, ಗಂಟು, ಡಬ್ಬಿ ಎಲ್ಲವೂ ಬೀದಿಗೆ ಬಂದು ಬಿದ್ದವು. ಎದುರು ಮನೆಯವರು, ಪಕ್ಕದ ಮನೆಯವರು ಬಂದು ಕೈಹಾಕಿದರು. ಪತ್ರಿಕೆಯ ಗೋಡೆಯೊಂದು ಕುಸಿದು ಮಾಡಿದ ದಾರಿಯೂ ಮುಚ್ಚಿತು. ಕೊನೆಗೆ ಹಾಸುಬಟ್ಟೆಯೊಂದರಲ್ಲಿ ಅವನನ್ನು ಸುತ್ತಿ, ತಲೆಯ ಕಡೆ ಒಬ್ಬ, ಕಾಲ ಕಡೆ ಒಬ್ಬ ಹಿಡಿದು, ರಾಶಿಗಳ ಮೇಲಿಂದ ದಾಟಿಸಿ ತಂದರು. ಮುಕ್ಕಾಲು ಗಂಟೆ ಹಿಡಿಯಿತು. ಬೀದಿ ಪೂರ್ತಿ ನೋಡಿತು. ಆ ಗಡಿಬಿಡಿಯಲ್ಲೂ ಅವಳು ಬೀದಿಗೆ ಬಿದ್ದ ಒಂದು ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಎದುರು ಮನೆಯಾಕೆ ಅದನ್ನು ಕಂಡು ಮುಖ ತಿರುಗಿಸಿಕೊಂಡಳು.

ಡಾಕ್ಟರು ಗದರಲಿಲ್ಲ. "ಇನ್ನೂ ಸ್ವಲ್ಪ ಬೇಗ ತಂದಿದ್ದರೆ..." ಎಂದು ಶುರುಮಾಡಿ ಅವಳ ಮುಖ ನೋಡಿ ಮಾತು ನಿಲ್ಲಿಸಿದರು. ತಮ್ಮನ ಜೀವ ಉಳಿಯಿತು. ಮಾತು ತೊದಲುತ್ತ ವಾಪಸು ಬಂತು. ಬಲಗಾಲು, ಬಲಗೈ ಬರಲಿಲ್ಲ. ಕೆಂಪು ಶಾಯಿಯ ಪೆನ್ನು ಹಿಡಿದು ಊರಿನ ಪುಸ್ತಕಗಳನ್ನೆಲ್ಲ ತಿದ್ದಿದ್ದ ಕೈ ಮಡಿಲಲ್ಲಿ ಯಾರದೋ ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿರುತ್ತಿತ್ತು.

ಆರು ವಾರದ ಮೇಲೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಮನೆ ನೋಡಲು ಬಂದರು. ಹೊಸಿಲು ದಾಟಿ ಎರಡು ಹೆಜ್ಜೆ ಇಟ್ಟು ನಿಂತರು.

"ನಿಮ್ಮ ತಮ್ಮನ್ನ ಇಲ್ಲಿಗೆ ಕಳಿಸೋಕಾಗಲ್ಲಮ್ಮ. ಗಾಲಿಕುರ್ಚಿ ಓಡಾಡೋಕೆ ಬಾಗಿಲಿಂದ ಬಚ್ಚಲವರೆಗೆ ಮೂರು ಅಡಿ ದಾರಿ ಬೇಕು. ತಿರುಗಿಸೋಕೆ ಕೋಣೆ ಖಾಲಿ ಬೇಕು. ಅಲ್ಲಿವರೆಗೂ ಆಸ್ಪತ್ರೆ ಹಿಂದಿನ ಆರೈಕೆ ಮನೆಯಲ್ಲೇ ಇರಲಿ."

"ಮೂರು ಅಡಿ ಮಾಡಿದರೆ ಕಳಿಸ್ತೀರಾ?"

"ಮಾಡಿ ನೋಡೋಣ." ಡಾಕ್ಟರಮ್ಮನದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು.

ಅವರು ಹೋದ ಮೇಲೆ ಹೊಲಿಗೆಯಮ್ಮ ಚೀಲದಿಂದ ಅಳತೆ ಟೇಪು ತೆಗೆದು ದಾರಿಗೆ ಅಡ್ಡಲಾಗಿ ಹಿಡಿದಳು. ಹದಿಮೂರು ಇಂಚು. ಸಮವಸ್ತ್ರಕ್ಕೆಂದು ಎಷ್ಟೋ ಜನರ ಎದೆ, ಸೊಂಟ, ತೋಳು ಅಳೆದವಳು ತನ್ನ ಮನೆಯನ್ನು ಅಳೆದದ್ದು ಅದೇ ಮೊದಲು.

ಶನಿವಾರ ಶನಿವಾರ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದ ಗುಜರಿಯವನು ಆ ಮನೆಯ ಮುಂದೆ ಕೂಗುವುದನ್ನು ಬಿಟ್ಟು ವರ್ಷಗಳಾಗಿದ್ದವು. ಐವತ್ತು ದಾಟಿದ ಮನುಷ್ಯ, ಒಂದು ಕಿವಿ ಮಂದ, ಬಾಯಿ ಮಾತ್ರ ಇಬ್ಬರ ಕೆಲಸ ಮಾಡುತ್ತಿತ್ತು. ಅವಳೇ ಕರೆದಾಗ ಗಾಡಿ ನಿಲ್ಲಿಸಿ ಮನೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ನಿಜವಾಗ್ಲೂ ಕೊಡ್ತೀರಾ ಅಮ್ಮ? ಇಲ್ಲಾ ನನ್ನ ಗಾಡೀನೂ ಒಳಗಿಟ್ಕೋತೀರಾ?"

ಅವಳಿಗೆ ನಗು ಬರಲಿಲ್ಲ. ಪತ್ರಿಕೆಯ ಮೂರು ಕಟ್ಟು, ಮುಚ್ಚಳವಿಲ್ಲದ ಒಂದು ಫ್ಲಾಸ್ಕು ತಂದಿಟ್ಟಳು. ಗಾಡಿ ಹತ್ತು ಮನೆ ದಾಟುವಷ್ಟರಲ್ಲಿ ಅವಳು ಹೊಸಿಲು ಇಳಿದಿದ್ದಳು. ಚಪ್ಪಲಿ ಮೆಟ್ಟದೆ ಓಡಿದಳು. "ಏ ಅಪ್ಪಾ, ನಿಲ್ಲು! ಆ ಫ್ಲಾಸ್ಕು ಕೊಡು." ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ನಕ್ಕವು. ಗುಜರಿಯವನು ನಗಲಿಲ್ಲ. ಫ್ಲಾಸ್ಕು ತೆಗೆದು ತನ್ನ ಹೆಗಲ ಟವೆಲಿನಿಂದ ಒರೆಸಿ ಕೊಟ್ಟ.

"ತಗೊಳಿ. ನಾನು ಕಿತ್ಕೊಂಡು ಹೋಗೋನಲ್ಲ. ಮುಂದಿನ ವಾರ ಬರ್ತೀನಿ. ನೀವು ಬಾಗಿಲ ಹತ್ರ ತಂದಿಡಿ ಸಾಕು. ಕೊಡೋದು ಬಿಡೋದು ಆಮೇಲೆ."

ಹಾಗೆ ಶುರುವಾಯಿತು. ವಾರವಿಡೀ ಕೆಲಸ ಮುಗಿಸಿ ಬಂದು ಒಂದು ಮೂಲೆ ಹಿಡಿಯುತ್ತಿದ್ದಳು. ಒಂದೊಂದು ವಸ್ತುವನ್ನೂ ಕೈಗೆ ತೆಗೆದುಕೊಂಡು ಕೂರುತ್ತಿದ್ದಳು, ಅದು ಏನೋ ಹೇಳುತ್ತದೆ ಎಂಬಂತೆ. ಹತ್ತು ತೆಗೆದರೆ ಎಂಟು ಒಳಕ್ಕೇ ಹೋಗುತ್ತಿದ್ದವು. ಕೆಲವು ಶನಿವಾರ ಗುಜರಿಯವನು ಬರಿಗೈಯಲ್ಲಿ ಹೋದ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಿಮ್ಮನೇಲಿ ಎರಡಕ್ಕೂ ವರುಷಾನೇ" ಎಂದು ಗೊಣಗಿದ, ಆದರೆ ಬರುವುದನ್ನು ತಪ್ಪಿಸಲಿಲ್ಲ. ಎರಡು ತಿಂಗಳಲ್ಲಿ ಹದಿಮೂರು ಇಂಚು ಹದಿನೇಳಾಯಿತು. ಪತ್ರಿಕೆಗಳ ಕೆಳಗೆ ಇಲಿಗಳು ಗೂಡು ಮಾಡಿದ್ದವು. ಆಸ್ಪತ್ರೆಯಿಂದ ತಂದ ಹಾಸುಬಟ್ಟೆಗಳು ಮಡಚಿದ ಗೆರೆಯಲ್ಲೇ ಹಳದಿಯಾಗಿ, ಎತ್ತಿದರೆ ತುಂಡಾಗುತ್ತಿದ್ದವು. ಯಾರಿಗೋ ಬೇಕಾಗುತ್ತದೆ ಎಂದು ಉಳಿಸಿದ್ದು ಯಾರಿಗೂ ಬೇಡದಂತಾಗಿತ್ತು. ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಅಳುತ್ತಲೇ ಗುಡಿಸಿದಳು.

ಮುಂದಿನ ಕೋಣೆಯಲ್ಲಿ ಮೂರನೆಯ ತಿಂಗಳು ಒಂದು ಬೆತ್ತದ ಕುರ್ಚಿ ಸಿಕ್ಕಿತು. ಅದರ ಮೇಲಿನದನ್ನು ಇಳಿಸುತ್ತಿದ್ದಂತೆ ಅವಳ ಕೈ ನಿಂತಿತು. ಹನ್ನೆರಡು ವರ್ಷದ ಹಿಂದೆ ತಮ್ಮ ಒಂದು ಸಂಜೆ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವವಳೊಬ್ಬಳನ್ನು ಮನೆಗೆ ಕರೆತಂದಿದ್ದ. ನಗುಮುಖದ ಹೆಂಗಸು. ಕೂರಲು ಜಾಗವಿರಲಿಲ್ಲ. ಈ ಕುರ್ಚಿಯನ್ನು ಬಿಡಿಸಿಕೊಡು ಎಂದು ಅವನು ಕಣ್ಣಲ್ಲೇ ಕೇಳಿದ್ದ. "ಮೇಲಿರೋದೆಲ್ಲ ಈಗ ತಾನೆ ಜೋಡಿಸಿದ್ದು ಕಣೋ" ಎಂದಿದ್ದಳು ಅವಳು. ಬಂದವಳು ಹೊಸಿಲ ಮೇಲೆ ನಿಂತೇ ಚಹಾ ಕುಡಿದು, ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಅವನ ಕೈಗೇ ಕೊಟ್ಟು ಹೋದಳು. ಮತ್ತೆ ಬರಲಿಲ್ಲ. ತಮ್ಮ ಆ ವಿಷಯ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಆ ಶನಿವಾರ ಹೊಲಿಗೆಯಮ್ಮ ಗುಜರಿಯವನಿಗೆ ಹದಿನಾರು ಗಂಟು ಕೊಟ್ಟಳು, ಬಿಚ್ಚಿ ನೋಡದೆ.

ಗುರುವಾರ ಸಂಜೆ ಆರೈಕೆ ಮನೆಗೆ ಹೋಗುವುದು ಅವಳ ಕ್ರಮ. ಅಲ್ಲಿ ಹನ್ನೆರಡು ಮಂಚ, ಮಂಚಕ್ಕೊಂದು ಸಣ್ಣ ಕಪಾಟು, ನಡುವೆ ಬರಿಯ ನೆಲ. ಐದನೆಯ ತಿಂಗಳ ಒಂದು ಗುರುವಾರ ಅವಳು ತಡೆಯಲಾರದೆ ಬಾಯಿಬಿಟ್ಟಳು.

"ಅವತ್ತು ನೀನು ಬಿದ್ದಾಗ ನಂಗೆ ಸದ್ದು ಕೇಳಿಸ್ತು ಕಣೋ. ಏನೋ ಅಟ್ಟಿ ಬಿತ್ತು ಅಂದ್ಕೊಂಡೆ. ತಲೆ ಬಾಚ್ಕೊಂಡು ಬಂದೆ."

ಮಾತು ಜೋಡಿಸಲು ಈಗ ತಮ್ಮನಿಗೆ ಸಮಯ ಬೇಕಾಗುತ್ತಿತ್ತು.

"ಗೊತ್ತು. ಏನು ಬಿತ್ತೋ ಅಂತ ಕೂಗಿದೆ ನೀನು. ಕೇಳಿಸ್ತು. ನಾನೇ ಬಿದ್ದೆ ಅಂತ ಹೇಳೋಕೆ ನಾಲಿಗೆ ತಿರುಗಲಿಲ್ಲ."

ಅವಳು ಮಂಚದ ಕಂಬಿ ಹಿಡಿದು ಕೂತಳು. ಅವನು ಎಡಗೈಯಿಂದ ಅವಳ ಮಣಿಕಟ್ಟು ತಟ್ಟಿದ. ಬೈದಿದ್ದರೆ ಅವಳಿಗೆ ಉಸಿರಾಡಲು ಸ್ವಲ್ಪ ಸುಲಭವಾಗುತ್ತಿತ್ತು.

ಅಲ್ಲಿಂದ ಮುಂದೆ ಕೆಲಸ ಓಡಿತು. ಅವನ ಕೋಣೆಯ ಮಂಚ ಹೊರಬಂತು. ಬಾಗಿಲ ಮೂಲೆಯಲ್ಲಿ ಅವ್ವನ ಬಟ್ಟೆಯ ಗಂಟು ಎಲ್ಲಕ್ಕಿಂತ ಕೆಳಗಿತ್ತು, ಹುಳು ತಿಂದು ಜಾಲರಿಯಾಗಿತ್ತು. ಅದನ್ನು ಹಿತ್ತಲಲ್ಲಿ ಸುಟ್ಟಳು. ದಾರಿ ಇಪ್ಪತ್ತೆಂಟು ಇಂಚಾಯಿತು, ಮೂವತ್ತೊಂದಾಯಿತು. ಹಾಗಂತ ಚಟ ಬಿಟ್ಟಿತೆಂದಲ್ಲ. ಆ ಮಧ್ಯೆ ಆಸ್ಪತ್ರೆಯ ಒಂದು ವಾರ್ಡಿನ ಪರದೆಗಳನ್ನೆಲ್ಲ ಬದಲಿಸಿದರು. ಹಳೆಯವು ಗಟ್ಟಿಯಾಗಿಯೇ ಇದ್ದವು, ನೀಲಿ ಬಣ್ಣ ಮಾಸಿರಲಿಲ್ಲ. ಮೂರು ದಿನ ಅವುಗಳ ಪಕ್ಕ ಹಾದುಹೋದಳು. ನಾಲ್ಕನೆಯ ದಿನ ಎರಡು ಮೂಟೆ ಕಟ್ಟಿ ಮನೆಗೆ ತಂದು ಹಿತ್ತಲಲ್ಲಿ ತಗಡಿನ ಕೆಳಗೆ ಬಚ್ಚಿಟ್ಟಳು. ತನ್ನದೇ ಮನೆಯಲ್ಲಿ ಕಳ್ಳಿಯಂತೆ ಕೈ ತೊಳೆದುಕೊಂಡಳು. ಗುಜರಿಯವನಿಗೆ ಹೇಳಲಿಲ್ಲ.

ಎಂಟನೆಯ ತಿಂಗಳು ಟೇಪು ಮೂವತ್ತಾರು ಇಂಚು ತೋರಿಸಿತು. ಮತ್ತೆ ಅಳೆದಳು. ಮೂವತ್ತಾರೇ. ಡಾಕ್ಟರಮ್ಮ ಬಂದು ಬಾಗಿಲಿಂದ ಬಚ್ಚಲವರೆಗೆ ಕೈ ಬೀಸಿಕೊಂಡು ನಡೆದು, "ನಂಬೋಕಾಗಲ್ಲಮ್ಮ" ಎಂದರು. ಮುಂದಿನ ಭಾನುವಾರ ಮಧ್ಯಾಹ್ನ ಆರೈಕೆ ಮನೆಯ ವ್ಯಾನಿನಲ್ಲಿ ತಮ್ಮನನ್ನು ಕರೆತಂದರು, ಮನೆ ನೋಡಿಕೊಂಡು ಹೋಗಲಿ, ವಾರದಲ್ಲಿ ಪೂರ್ತಿಯಾಗಿ ಕಳಿಸೋಣ ಎಂದು.

ಅವಳು ಗಾಲಿಕುರ್ಚಿಯನ್ನು ತಾನೇ ತಳ್ಳಿದಳು. ಎಲ್ಲೂ ತಾಗಲಿಲ್ಲ. ತಮ್ಮ ಗೋಡೆಗಳನ್ನು ನೋಡಿದ. ಸಾಮಾನು ಒರಗಿದ್ದ ಎತ್ತರದವರೆಗೆ ಕಪ್ಪು ಕಲೆ, ಅದರ ಮೇಲೆ ಬಿಳಿ. ಸುಣ್ಣ ಹೊಡೆಸಿದರೂ ಕಲೆ ಪೂರ್ತಿ ಹೋಗಿರಲಿಲ್ಲ. ಅವನ ಕೋಣೆಯಲ್ಲಿ ಮಂಚ, ತೊಳೆದ ಹೊದಿಕೆ, ಕಿಟಕಿಯಲ್ಲಿ ಬೆಳಕು.

"ಇಷ್ಟು ದೊಡ್ಡದಿತ್ತಾ ಈ ಕೋಣೆ?" ಎಂದ.

"ನಿಂಗೋಸ್ಕರಾನೇ ಕಣೋ. ಗುರುವಾರ ಬಂದ್ಬಿಡು. ನಾನು ಒಂದು ವಾರ ರಜೆ ಹಾಕ್ತೀನಿ."

ಅವನು ಕಿಟಕಿಯ ಕಡೆ ನೋಡುತ್ತ ಕೂತ. ಬೆಂಚು ಇನ್ನೂ ಅಲ್ಲೇ ಇತ್ತು.

"ನಾನು ಬರಲ್ಲಕ್ಕ."

ಅವಳು ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡಳು. ಅವನು ಮತ್ತೆ, ಒಂದೊಂದೇ ಪದ ಹುಡುಕಿ ಹೇಳಿದ.

"ಅಲ್ಲಿ ನಾನು ಕಾಲು ಚಾಚಿ ಮಲಗ್ತೀನಿ. ಹದಿನಾಲ್ಕು ವರ್ಷ ಆಗಿತ್ತು. ಇಲ್ಲಿಗೆ ಬಂದರೆ, ಮಲಗಿದಾಗೆಲ್ಲ ನಂಗೆ ಅವು ಮೇಲೆ ಬೀಳ್ತಾವೆ ಅನ್ಸುತ್ತೆ. ಈಗ ಇಲ್ಲ ಅಂತ ಗೊತ್ತು. ಆದ್ರೂ."

"ಒಂದೂ ಇಲ್ಲ ಕಣೋ! ನೋಡು, ಎಲ್ಲಾ ಕೊಟ್ಟೆ. ಎಂಟು ತಿಂಗಳು..."

"ನೋಡ್ದೆ. ತುಂಬ ಕಷ್ಟಪಟ್ಟಿದ್ದೀಯ." ಅವನ ಬಾಯಿಯ ಒಂದು ಅಂಚು ಮಾತ್ರ ನಕ್ಕಿತು. "ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟು ಬರೋಕೂ ಜಾಗ ಬೇಕು. ಆಗ ಇರಲಿಲ್ಲ, ಈಗ ಬೇಡ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು. ವ್ಯಾನು ಹೋದ ಮೇಲೆ ಮನೆಯೊಳಗೆ ಬಂದಳು. ಸೆರಗು ಜಾಡಿಸಿದರೂ ಸದ್ದು ಗೋಡೆಗೆ ಬಡಿದು ಮರಳಿ ಬರುತ್ತಿತ್ತು. ಇಷ್ಟು ದಿನ ಒಂದೊಂದು ಡಬ್ಬಿ ಎಸೆಯುವಾಗಲೂ ತಮ್ಮನ ಮುಖ ಕಣ್ಣ ಮುಂದೆ ತಂದುಕೊಂಡಿದ್ದಳು. ಇನ್ನು ಯಾರ ಮುಖ ತಂದುಕೊಳ್ಳುವುದು? ಸೋಮವಾರ ಕೆಲಸದಿಂದ ಬರುವಾಗ ಔಷಧಿ ಅಂಗಡಿಯ ಮುಂದೆ ಬಿದ್ದಿದ್ದ ರಟ್ಟಿನ ಪೆಟ್ಟಿಗೆ ಎತ್ತಿಕೊಂಡಳು. ಮಂಗಳವಾರ ಎರಡು. ಶುಕ್ರವಾರದ ಹೊತ್ತಿಗೆ ದಾರಿಯ ಒಂದು ಬದಿಗೆ ಮೊಣಕಾಲೆತ್ತರ ಅಟ್ಟಿ ಎದ್ದಿತ್ತು. ಅವಳು ಟೇಪು ಹಿಡಿಯಲಿಲ್ಲ. ಹಿಡಿದಿದ್ದರೆ ಎಷ್ಟು ಬರುತ್ತಿತ್ತೆಂದು ಕಣ್ಣಂದಾಜಿಗೇ ಗೊತ್ತಿತ್ತು.

ಶನಿವಾರ ಬೆಳಗ್ಗೆ ಗುಜರಿಯವನು ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಪೆಟ್ಟಿಗೆಗಳನ್ನು ನೋಡಿದರೂ ಅವುಗಳ ಮಾತೆತ್ತಲಿಲ್ಲ.

"ತಮ್ಮ ಬಂದ್ರಾ ಅಮ್ಮ?"

"ಇಲ್ಲ. ಬರಲ್ಲ ಅಂದ."

ಅವನು ಗಾಡಿಯ ಹಿಡಿ ಬಿಟ್ಟು ಕಟ್ಟೆಯ ಮೇಲೆ ಕೂತ. ಅವನು ಸಮಾಧಾನದ ಮಾತೇನೂ ಆಡಲಿಲ್ಲ. ಆಡಿದ್ದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳೇನೋ.

"ನೀರು ಕೊಡ್ತೀರಾ?" ಎಂದ ಕೊನೆಗೆ. ನೀರು ತರಲು ಹಿಂದಕ್ಕೆ ಹೋದವಳ ಸೀರೆ ಪೆಟ್ಟಿಗೆಯ ಮೊನೆಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಬಗ್ಗಿದವಳು ಹಾಗೇ ನಿಂತಳು. ಎಷ್ಟೋ ಹೊತ್ತಿನ ಮೇಲೆ ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಗುಜರಿಯವನಿಗೆ ನೀರು ಸಿಗಲಿಲ್ಲ. ಎರಡು ಮೂಟೆ ಎಳೆದುಕೊಂಡು ಬಂದಳು. ಆಮೇಲೆ ಪೆಟ್ಟಿಗೆಗಳನ್ನು ತುಳಿದು ಚಪ್ಪಟೆ ಮಾಡಿ ತಂದಿಟ್ಟಳು.

"ಪರದೆ ಗಟ್ಟಿಯಾಗಿದಾವಲ್ಲಮ್ಮ, ಹೊಸ ಥರಾನೇ ಇವೆ."

"ಹೌದು, ಗಟ್ಟಿಯಾಗಿದಾವೆ."

"ಮತ್ತೆ ಯಾಕೆ? ಇನ್ನು ಯಾರಿಗೆ ಜಾಗ ಬಿಡಿಸ್ತಿದ್ದೀರಾ?"

"ಯಾರಿಗೂ ಅಲ್ಲ. ಬೇಡ ಅಷ್ಟೇ. ತಗೊಂಡು ಹೋಗು, ನಾನು ಮನಸ್ಸು ಬದಲಾಯಿಸೋ ಮೊದಲು."

ಅವನು ಗಾಡಿ ತಳ್ಳಿದ. ಅವಳು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತಳು. ಗಾಡಿ ತಿರುವು ದಾಟಿ ಮರೆಯಾಗುವವರೆಗೂ ಹಿಡಿತ ಬಿಡಲಿಲ್ಲ.

ಇದಾಗಿ ಎರಡು ವರ್ಷ. ಹೊಲಿಗೆಯಮ್ಮ ನಿವೃತ್ತಳಾದಳು. ಚಟ ಪೂರ್ತಿ ಹೋಗಿಲ್ಲ. ಬೀದಿಯಲ್ಲಿ ಒಳ್ಳೆಯ ಪೆಟ್ಟಿಗೆ ಕಂಡರೆ ಈಗಲೂ ಕಾಲು ನಿಲ್ಲುತ್ತದೆ, ಕೆಲವೊಮ್ಮೆ ಕೈಯೂ ಚಾಚುತ್ತದೆ. ತಂದದ್ದು ಶನಿವಾರದವರೆಗೆ ಬಾಗಿಲಲ್ಲಿರುತ್ತದೆ, ಒಳಗೆ ಬರುವುದಿಲ್ಲ. ತಮ್ಮನ ಕೋಣೆಯ ಬಾಗಿಲನ್ನು ತೆರೆದೇ ಇಡುತ್ತಾಳೆ, ಆದರೆ ಒಳಗೆ ಹೋಗುವುದು ಗುಡಿಸಲು ಮಾತ್ರ. ಹೊಸ ಮನೆಯಂತಾಗಿದೆ ಎಂದು ಬೀದಿಯವರು ಹೊಗಳುತ್ತಾರೆ. ಹೊಗಳಿದವರು ಕೂರಲು ಬಂದದ್ದು ಕಡಿಮೆ. ಹೆಸರು ಮಾತ್ರ ಬದಲಾಗಿಲ್ಲ, ಇವತ್ತಿಗೂ ಅವಳು ಉಗ್ರಾಣದಮ್ಮನೇ.

ಗುರುವಾರ ಆರೈಕೆ ಮನೆಗೆ ಹೋಗುತ್ತಾಳೆ. ಮೊದಮೊದಲು ಹಣ್ಣು, ಬನಿಯನ್ನು, ದಿಂಬಿನ ಚೀಲ ಎಂದು ಏನಾದರೂ ಹೊತ್ತುಕೊಂಡು ಹೋಗುತ್ತಿದ್ದಳು. "ಏನೂ ತರಬೇಡಕ್ಕ, ಇಡೋಕೆ ಜಾಗ ಇಲ್ಲ" ಎಂದು ತಮ್ಮ ಒಂದು ದಿನ ಹೇಳಿದ. ಅವನ ಕಪಾಟಿನಲ್ಲಿ ಎರಡು ಅಂಗಿ, ಒಂದು ಕನ್ನಡಕ, ಒಂದು ಬಾಚಣಿಗೆ, ಅಷ್ಟೇ ಇದ್ದವು, ಜಾಗ ಬೇಕಾದಷ್ಟಿತ್ತು. ಅವಳು ವಾದ ಮಾಡಲಿಲ್ಲ. ಈಗ ಬರಿಗೈಯಲ್ಲಿ ಹೋಗಿ ಮಂಚದ ಪಕ್ಕ ಕೂರುತ್ತಾಳೆ. ಅವನು ಕಾಲು ಚಾಚಿಕೊಂಡು ಮಲಗಿರುತ್ತಾನೆ. ಒಂದಿಷ್ಟು ಮಾತಾಡುತ್ತಾರೆ. ಆರು ಗಂಟೆಗೆ ನರ್ಸ್ ಬಂದು ಹೊತ್ತಾಯಿತೆಂದು ಹೇಳುತ್ತಾಳೆ.